ಅರ್ಧಚಂದ್ರನ ದಿನ ಬಂದ ಲಸಿಕೆ ದೋಣಿ

ಕಡಲ ನೀರಿನಲ್ಲೇ ಕಂಬ ನೆಟ್ಟು ಮನೆ ಕಟ್ಟಿಕೊಂಡವರು ನಾವು, ಬಾಜೋ ಜನ. ತಿಂಗಳ ಮೊದಲ ಸೋಮವಾರ ಮಧ್ಯಾಹ್ನ ನಮ್ಮ ಕೇರಿಗೆ ಲಸಿಕೆ ದೋಣಿ ಬರಬೇಕೆಂದು ದೂರದ ಪಟ್ಟಣದಲ್ಲಿ ಗೊತ್ತುಮಾಡಿದ್ದರು. ಕೆಲವು ತಿಂಗಳಿಂದ ಆ ಸೋಮವಾರ ಹುಣ್ಣಿಮೆಯ ಆಸುಪಾಸಿಗೇ ಬೀಳುತ್ತಿತ್ತು. ಹುಣ್ಣಿಮೆಯ ಮಧ್ಯಾಹ್ನ ಕಡಲು ಹಿಂದೆ ಸರಿದಿರುತ್ತದೆ. ದೋಣಿ ದೂರದ ಮರಳಿನಲ್ಲಿ ಹೂತು ಕೂರುತ್ತಿತ್ತು. ಹೆಂಗಸರೆಲ್ಲ ಆ ಹೊತ್ತಿಗೆ ನೀರಿಳಿದ ಹವಳದ ದಿಬ್ಬದಲ್ಲಿ ಚಿಪ್ಪು ಆರಿಸುತ್ತಿದ್ದರು. 'ಈ ಜನಕ್ಕೆ ಆಸಕ್ತಿಯಿಲ್ಲ' ಎಂಬ ಮಾತು ಕಚೇರಿಯಲ್ಲಿ ಹುಟ್ಟಿತು. ನಮಗೆ ಬರಬೇಕಿದ್ದ ಆರೋಗ್ಯ ಕೇಂದ್ರ ಬೇರೆ ಊರಿನ ಪಾಲಾಯಿತು.

ಅಷ್ಟರಲ್ಲಿ ಪಕ್ಕದ ಕೇರಿಯಲ್ಲಿ ದಡಾರ ಕಾಣಿಸಿಕೊಂಡಿತು. ನಮ್ಮ ಕೇರಿಯ ನುರ್ಮಾಳ ಕೂಸಿಗೆ ಇನ್ನೂ ಲಸಿಕೆ ಆಗಿರಲಿಲ್ಲ. ನೆರೆಮನೆಯ ಆರೋಗ್ಯ ಕಾರ್ಯಕರ್ತೆ ರಸ್ತಿಯಾ, ಪಟ್ಟಣದ ಆರೋಗ್ಯ ಕಚೇರಿಯ ಸಭೆಗೆ ಹೋಗಿ ಮಾತಾಡೋಣ ಎಂದು ನುರ್ಮಾಳ ಅತ್ತೆ ಜೈಬಾ ಅಜ್ಜಿಯನ್ನು ಕರೆದಳು. ಆ ದೋಣಿ ಬಂದರೂ ಒಂದೇ, ಬಾರದಿದ್ದರೂ ಒಂದೇ ಎಂದು ಅಜ್ಜಿ ಮುಖ ತಿರುಗಿಸಿದಳು.

ರಸ್ತಿಯಾ ಹೊಟ್ಟೆ ಮುಂದೆ ಮಾಡಿ, ಮೂಗಿನಲ್ಲಿ ಆ ಕಚೇರಿಯ ಸಾಹೇಬರ ದನಿ ಎಳೆದಳು: "ದಯವಿಟ್ಟು ಎಲ್ಲರೂ ಸಮಯಕ್ಕೆ ಸರಿಯಾಗಿ ಬನ್ನಿ."

ಅಜ್ಜಿಗೆ ನಗು ತಡೆಯಲಾಗಲಿಲ್ಲ. "ಸರಿಯಾಗಿ ಬರ್ಬೇಕಾದ್ದು ಅವ್ರು ಕಣೇ. ಅರ್ಧಚಂದ್ರನ ದಿನ ಬರ್ಲಿ ನೋಡೋಣ. ಅವತ್ತು ಮಧ್ಯಾಹ್ನ ನೀರು ಏಣಿ ಬುಡದಲ್ಲೇ ಇರುತ್ತೆ, ನಾವೂ ಮನೇಲೇ ಇರ್ತೀವಿ."

"ಇದನ್ನ ಅವ್ರಿಗೆ ಹೇಳಿದೀಯಾ?"

"ಕೇಳಿದ್ರೆ ತಾನೆ ಹೇಳೋದು?"

"ಅವ್ರು ಕೇಳಲ್ಲ ಅಂತ ನೀನು ಹೇಳಲ್ಲ, ನೀನು ಹೇಳಲ್ಲ ಅಂತ ಅವ್ರು ಕೇಳಲ್ಲ. ನಡುವೆ ಕೂಸು ಏನ್ಮಾಡ್ಬೇಕಜ್ಜಿ?"

ಅಜ್ಜಿ ತೊಟ್ಟಿಲ ಕಡೆ ನೋಡಿದಳು. ಮರುದಿನ ಎಲ್ಲರಿಗಿಂತ ಮೊದಲು ಪಟ್ಟಣದ ದೋಣಿ ಹತ್ತಿದವಳು ಅವಳೇ.

ಸಭೆಯಲ್ಲಿ ಅಜ್ಜಿ ವಿಷಯ ಹೇಳಿದಾಗ, ದಿನ ಬದಲಿಸುವುದು ಕಷ್ಟ ಎಂದರು ಸಾಹೇಬರು. ಆಗ ಲಸಿಕೆ ದೋಣಿಯಲ್ಲಿ ಬರುತ್ತಿದ್ದ ನರ್ಸ್ ರತ್ನಿ ಎದ್ದು ನಿಂತಳು. ತಾನೂ ಆ ಮರಳಿನಲ್ಲಿ ಬಿಸಿಲಿಗೆ ಬೆಂದಿದ್ದೇನೆ, ಗಂಟೆ ಅದೇ ಇರಲಿ, ದಿನವಷ್ಟೇ ಬದಲಾಗಲಿ ಎಂದಳು. ಗಂಟೆ ಬದಲಾಗದಿದ್ದರೆ ಸರಿ ಎಂದು ಸಾಹೇಬರು ಒಪ್ಪಿದರು. ಹೀಗೆ ಯಾರಿಗೂ ಅರ್ಧಚಂದ್ರ ಪ್ರಯೋಗವಾಗದೆ ಅರ್ಧಚಂದ್ರನ ದಿನ ನಿಕ್ಕಿಯಾಯಿತು.

ಆ ದಿನ ದೋಣಿ ನುರ್ಮಾಳ ಮನೆಯ ಏಣಿಗೇ ಬಂದು ತಾಗಿತು. ಸೂಜಿ ಚುಚ್ಚಿದಾಗ ಕೂಸು ಕೇರಿಯೆಲ್ಲ ಕೇಳುವಂತೆ ಅತ್ತಿತು. ಅಜ್ಜಿ ಹಬೆಯಲ್ಲಿ ಬೇಯಿಸಿದ ಮರಗೆಣಸಿನ ಕಡುಬು, ಒಣ ಮೀನು ಕಟ್ಟಿಕೊಟ್ಟು ರತ್ನಿಯ ಕೈ ಹಿಡಿದುಕೊಂಡಳು.

"ಅಷ್ಟು ಸಲ ಬಿಸಿಲಲ್ಲಿ ಕೂತ್ರೂ ನಮ್ಮನ್ನ ಬೈಕೊಳ್ದೆ ಬಂದ್ಯಲ್ಲ ಮಗಳೇ. ನಿನ್ನ ಹೊಟ್ಟೆ ತಣ್ಣಗಿರ್ಲಿ."

"ಬೈಕೊಂಡಿದೀನಜ್ಜಿ, ಸ್ವಲ್ಪ," ಎಂದಳು ರತ್ನಿ.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಊರಿನ ಲಸಿಕೆ ದಿನವನ್ನೂ ಎಲ್ಲೋ ಕೂತು ಯಾರೋ ಗೊತ್ತುಮಾಡುತ್ತಾರೆ. ಅದು ನಿಮ್ಮ ದುಡಿಮೆಗೆ ಹೊಂದದಿದ್ದರೆ ಗೊಣಗಿ ಸುಮ್ಮನಾಗಬೇಡಿ. ಹೊಂದುವ ದಿನ ಯಾವುದೆಂದು ಸಭೆಗೆ ಹೋಗಿ ಹೇಳಿ. ಕೇಳಿಸಿಕೊಂಡವರಿಗೆ ಕೈಮುಗಿಯಿರಿ. ಮಕ್ಕಳ ಲಸಿಕೆಯನ್ನು, ಎರಡನೆಯ ಚುಚ್ಚುಮದ್ದನ್ನೂ ಸೇರಿಸಿ, ತಪ್ಪದೆ ಹಾಕಿಸಿ. ದಡಾರ ಯಾರ ಅನುಕೂಲವನ್ನೂ ಕೇಳಿ ಬರುವುದಿಲ್ಲ.