ಬಾವುಟದ ಹಿಂದೆ ಓಡಿದವರು

ಓಟದ ಗುಂಪಿನಲ್ಲಿ ಅವನನ್ನು ಎಲ್ಲರೂ ಮೀಟರಣ್ಣ ಎಂದೇ ಕರೆಯುತ್ತಿದ್ದರು. ಕೆಲಸದಲ್ಲಿ ಲಿಫ್ಟ್ ರಿಪೇರಿಯವನು, ವಯಸ್ಸು ನಲವತ್ತೈದು, ಹನ್ನೊಂದು ವರ್ಷದಿಂದ ಓಡುತ್ತಿದ್ದರೂ ಒಂದು ಕಪ್ ಕೂಡ ಗೆದ್ದವನಲ್ಲ. ಆದರೆ ಕಿಲೋಮೀಟರಿಗೆ ಇಷ್ಟು ನಿಮಿಷ ಎಂದು ಹೇಳಿ ಹೊರಟನೆಂದರೆ ಮೊದಲ ಕಿಲೋಮೀಟರೂ ಅಷ್ಟೇ, ಕೊನೆಯದೂ ಅಷ್ಟೇ. ಏರು ಬಂದರೂ ಅಷ್ಟೇ, ಹಿಂದೆ ನಾಯಿ ಬಿದ್ದರೂ ಅಷ್ಟೇ ಎಂದು ಗೆಳೆಯರು ನಗುತ್ತಿದ್ದರು. ಅವನೂ ನಗುತ್ತಿದ್ದ, ಒಳಗೊಳಗೇ ಉಬ್ಬುತ್ತಿದ್ದ.

ಅದಕ್ಕೇ ವರ್ಷಕ್ಕೊಮ್ಮೆ ನಡೆಯುವ ದೊಡ್ಡ ಓಟದಲ್ಲಿ ಅವನ ಬೆನ್ನಿಗೆ ಬಾವುಟ ಕಟ್ಟುತ್ತಿದ್ದರು. ಇಪ್ಪತ್ತೊಂದು ಕಿಲೋಮೀಟರಿನ ಓಟ ಅದು. ಓಟ ಶುರುವಾಗಿ ಮೂರು ಗಂಟೆ ಆಗುತ್ತಲೇ ರಸ್ತೆಯನ್ನು ವಾಹನಗಳಿಗೆ ಬಿಡುತ್ತಾರೆ, ಅಷ್ಟರಲ್ಲಿ ಮುಗಿಸುವ ಲಕ್ಷಣ ಕಾಣದವರನ್ನು ಹಿಂದಿನಿಂದ ಬರುವ ವ್ಯಾನು ಹತ್ತಿಸಿಕೊಳ್ಳುತ್ತದೆ. ಆ ವ್ಯಾನಿಗೆ ಹೆದರುವವರೆಲ್ಲ ಮೀಟರಣ್ಣನ ಬೆನ್ನು ಹಿಡಿಯುತ್ತಿದ್ದರು. ಅವನ ಬಾವುಟದ ಮೇಲೆ ಎರಡು ಗಂಟೆ ಐವತ್ತೈದು ನಿಮಿಷ ಎಂದು ಬರೆದಿರುತ್ತಿತ್ತು, ಅಂದರೆ ಕಿಲೋಮೀಟರಿಗೆ ಎಂಟು ನಿಮಿಷ ಹದಿನೇಳು ಸೆಕೆಂಡು. "ವಾಚ್ ನೋಡ್ಬೇಡಿ, ಲೆಕ್ಕ ಹಾಕ್ಬೇಡಿ, ನನ್ನ ಬಾವುಟ ನೋಡ್ಕೊಂಡು ಬನ್ನಿ. ಮಿಕ್ಕಿದ್ದು ನನಗೆ ಬಿಡಿ," ಎಂದು ಪ್ರತಿ ವರ್ಷ ಹೇಳುತ್ತಿದ್ದ. ಆ ಮಾತು ಹೇಳುವಾಗ ಅವನ ಎದೆ ಎರಡು ಇಂಚು ಮುಂದೆ ಬರುತ್ತಿತ್ತು.

ಈ ವರ್ಷ ಓಟಕ್ಕೆ ಮೂರು ವಾರ ಇರುವಾಗ ಎಡಗಾಲಿನಲ್ಲಿ ಮೊಣಕಾಲಿನ ಕೆಳಗೆ ಮುಂಭಾಗದ ಎಲುಬು ನೋಯತೊಡಗಿತು. ಮೊದಲು ಓಡಿದ ಮೇಲೆ ನೋವು, ಆಮೇಲೆ ಓಡುವಾಗ ನೋವು, ಕೊನೆಗೆ ಬೆಳಿಗ್ಗೆ ಮಂಚದಿಂದ ಕಾಲು ಇಳಿಸಿದರೆ ನೋವು. ಫಿಸಿಯೋ ಹುಡುಗಿ ಎಲುಬಿನ ಮೇಲೆ ಹೆಬ್ಬೆರಳಿಟ್ಟು ಒತ್ತಿದಾಗ ಅವನ ಜೀವ ಬಾಯಿಗೆ ಬಂತು.

"ಮೂಳೆ ಬಿರುಕು ಬಿಡೋ ಹಂತದಲ್ಲಿದೆ. ಆರು ವಾರ ಓಡೋ ಹಾಗಿಲ್ಲ," ಎಂದಳು ಅವಳು. "ಓಡಿದ್ರೆ ಆಮೇಲೆ ನನ್ನ ಹತ್ರ ಬರ್ಬೇಡಿ ಸರ್, ಸೀದಾ ಪ್ಲಾಸ್ಟರ್ ಹಾಕೋರ ಹತ್ರ ಹೋಗಿ."

ಇಷ್ಟು ಸ್ಪಷ್ಟವಾಗಿ ಹೇಳಿದ ಮೇಲೆ ಬುದ್ಧಿ ಇರುವವರು ಏನು ಮಾಡುತ್ತಾರೆ? ಗುಂಪಿಗೆ ಒಂದು ಮಾತು ಹೇಳಿ ಬಾವುಟವನ್ನು ಬೇರೆಯವರಿಗೆ ಕೊಡುತ್ತಾರೆ. ಕೊಡಲು ಜನ ಇರಲಿಲ್ಲವೆಂದಲ್ಲ. ಗುಂಪಿನಲ್ಲೇ ಇದ್ದ ಫೋಟೋ ಸ್ಟುಡಿಯೋದವನು ಎರಡು ವರ್ಷದಿಂದ ಆ ಬಾವುಟದ ಮೇಲೆ ಕಣ್ಣಿಟ್ಟು ಕೂತಿದ್ದ. ತನ್ನ ಬಾವುಟ ಆ ಆಸಾಮಿಯ ಬೆನ್ನ ಮೇಲೆ ಹಾರಾಡುವುದನ್ನು ನೆನೆದೇ ಮೀಟರಣ್ಣನಿಗೆ ಹೊಟ್ಟೆ ಉರಿಯಿತು. ಹೆಂಡತಿ ಮಾತ್ರ ಅವನು ಕುಂಟುವುದನ್ನು ನೋಡಿದ್ದಳು. "ಕಾಲು ಬೇಡ ಅಂತಿದೆ, ನೀವು ಯಾಕ್ರೀ ಹೂಂ ಅಂತೀರಾ? ಹೇಳ್ಬಿಡಿ ಅವರಿಗೆ," ಎಂದಳು. "ಹೇಳ್ತೀನಿ," ಎಂದ. ಹೇಳಲಿಲ್ಲ.

ಬದಲಿಗೆ ಒಂದು ಉಪಾಯ ಹೂಡಿದ. ನೋವು ಶುರುವಾಗುವುದು ಹನ್ನೆರಡನೆಯ ಕಿಲೋಮೀಟರಿನ ಆಸುಪಾಸಿನಲ್ಲಿ ಎಂದು ಅವನಿಗೆ ಗೊತ್ತಿತ್ತು. ಹಾಗಾದರೆ ಮೊದಲ ಹನ್ನೆರಡನ್ನು ಏಳೂವರೆ ನಿಮಿಷದಂತೆ ಓಡಿಬಿಡುವುದು, ಒಂಬತ್ತು ನಿಮಿಷ ಉಳಿಯುತ್ತದೆ, ಕೊನೆಗೆ ಆ ಉಳಿದ ಸಮಯದಲ್ಲಿ ಕುಂಟಿಕೊಂಡು ಬಂದರಾಯಿತು. ಬಾವುಟ ಹೇಳಿದ ಹೊತ್ತಿಗೆ ಬಾವುಟ ಮುಟ್ಟುತ್ತದೆ. ಹಿಂದೆ ಬರುವವರ ಕಾಲಿಗೂ ಅದೇ ಏಳೂವರೆ ಬೀಳುತ್ತದೆ ಎಂಬುದು ಹೊಳೆಯಲಿಲ್ಲವೇ? ಹೊಳೆಯಿತು. ಹೊಳೆದದ್ದನ್ನು ಪಕ್ಕಕ್ಕೆ ತಳ್ಳಿದ. ಇದನ್ನು ಅವನ ಪರವಾಗಿ ಮೆತ್ತಗೆ ಹೇಳಲು ನನ್ನಿಂದಾಗದು.

ಓಟದ ದಿನ ಅವನ ಹಿಂದೆ ಆರು ಜನ ಸೇರಿದರು. ಅವರಲ್ಲಿ ಒಬ್ಬಳು ಇಸ್ತ್ರಿ ಅಕ್ಕ. ಆಸ್ಪತ್ರೆಯೊಂದರ ಬಟ್ಟೆ ಒಗೆಯುವ ವಿಭಾಗದಲ್ಲಿ ಹಬೆಯ ಯಂತ್ರದ ಮುಂದೆ ದಿನಕ್ಕೆ ಎಂಟು ಗಂಟೆ ನಿಂತು ಹೊದಿಕೆ, ದಿಂಬಿನ ಚೀಲ ಇಸ್ತ್ರಿ ಮಾಡುವವಳು. ಹಿಂದಿನ ಎರಡು ವರ್ಷ ಬಾವುಟದ ಹಿಂದೆ ಬರದೆ ತನ್ನಷ್ಟಕ್ಕೆ ಓಡಿದ್ದಳು, ಎರಡೂ ಸಲ ವ್ಯಾನು ಅವಳನ್ನು ಹತ್ತಿಸಿಕೊಂಡಿತ್ತು. ಎರಡನೆಯ ಸಲ ವ್ಯಾನಿನ ಕಿಟಕಿಯಿಂದಲೇ ಗೆರೆ ದಾಟುವವರನ್ನು ನೋಡಿ ಅತ್ತಿದ್ದಳಂತೆ. ಈ ವರ್ಷ ನಾಲ್ಕು ತಿಂಗಳು ಬೆಳಗಿನ ಪಾಳಿಗೆ ಮುಂಚೆ ಎದ್ದು ಅಭ್ಯಾಸ ಮಾಡಿದ್ದಳು. ಓಟ ಶುರುವಾಗುವ ಮೊದಲು ವಾಚನ್ನು ಮಣಿಕಟ್ಟಿನಿಂದ ಬಿಚ್ಚಿ ಜೇಬಿಗೆ ಹಾಕಿಕೊಂಡು, "ತಗೊಳ್ಳಿ ಅಣ್ಣ, ಇನ್ನು ಎಲ್ಲಾ ನಿಮ್ಮ ಮೇಲೇ," ಎಂದು ನಕ್ಕಳು.

ಹೊರಟರು. ಏಳೂವರೆಯೆಂದರೆ ಕೇಳಲು ದೊಡ್ಡದಲ್ಲ. ಆದರೆ ಎಂಟೂ ಹದಿನೇಳಕ್ಕೆ ಒಗ್ಗಿದ ಮೈಗೆ ಅದು ಮೆಟ್ಟಿಲು ಹತ್ತಿದಂತೆ. ಮೊದಲು ಮಾತಾಡುತ್ತ ಬಂದವರು ಐದನೆಯ ಕಿಲೋಮೀಟರಿಗೆ ಸುಮ್ಮನಾದರು. ಇಸ್ತ್ರಿ ಅಕ್ಕ ಅವನ ಪಕ್ಕಕ್ಕೆ ಬಂದು, "ಸ್ವಲ್ಪ ಜೋರಾಗ್ತಿದೆ ಅನ್ಸುತ್ತಲ್ಲ ಅಣ್ಣ?" ಎಂದು ಕೇಳಿದಳು.

"ಇಲ್ಲಕ್ಕ, ಸರಿಯಾಗೇ ಇದೆ. ಮೈ ಇನ್ನೂ ಬಿಸಿಯಾಗಿಲ್ಲ, ಅದಕ್ಕೆ ಹಾಗನ್ಸುತ್ತೆ," ಎಂದ ಮೀಟರಣ್ಣ.

ಹತ್ತರ ಹೊತ್ತಿಗೆ ಇಬ್ಬರು ಹಿಂದೆ ಬಿದ್ದರು, ಹನ್ನೆರಡಕ್ಕೆ ಇನ್ನಿಬ್ಬರು. ಹದಿಮೂರರಲ್ಲಿ ಅವನ ಎಲುಬು ಲೆಕ್ಕ ತಪ್ಪದೆ ನೋಯತೊಡಗಿತು. ಹದಿನಾಲ್ಕರಲ್ಲಿ ಅಕ್ಕ ರಸ್ತೆ ಬದಿಯ ಕಂಬ ಹಿಡಿದು ವಾಂತಿ ಮಾಡಿಕೊಂಡಳು. ಮೀನಖಂಡ ಕಲ್ಲಿನಂತೆ ಗಟ್ಟಿಯಾಗಿ ಅಲ್ಲೇ ಕುಸಿದಳು. ಅವನು ನಿಂತ.

"ನೀವು ಹೋಗಿ ಅಣ್ಣ," ಎಂದಳು, ಬಾಯಿ ಒರೆಸಿಕೊಳ್ಳುತ್ತ. "ಬಾವುಟ ನಿಲ್ಲಬಾರ್ದು. ಬೇರೆಯವರಿದಾರೆ."

ಬೇರೆಯವರು ಯಾರಿದ್ದರು? ಉಳಿದ ಒಬ್ಬನೂ ಆಗಲೇ ನಡೆಯುತ್ತಿದ್ದ. ಆದರೂ ಅವನು ಹೋದ. ಒಂದು ಸಲ ತಿರುಗಿ ನೋಡಿ, ಮತ್ತೆ ನೋಡಲು ಧೈರ್ಯ ಸಾಲದೆ, ಹಲ್ಲು ಕಚ್ಚಿಕೊಂಡು ಕುಂಟುತ್ತ ಹೋದ. ಇಪ್ಪತ್ತನೆಯ ಕಿಲೋಮೀಟರಿನಲ್ಲಿ ಎಲುಬಿನೊಳಗೆ ಏನೋ ಲಟಕ್ಕೆಂದಿತು. ಗೆರೆ ದಾಟಿದಾಗ ಎರಡು ಗಂಟೆ ಐವತ್ತನಾಲ್ಕು ನಿಮಿಷ ಐವತ್ತು ಸೆಕೆಂಡು. ಮೈಕಿನವನು "ನೋಡಿ, ನೋಡಿ, ಹೇಳಿದ ಹೊತ್ತಿಗೆ ಬಂತು ಬಾವುಟ!" ಎಂದು ಕೂಗಿದ, ಜನ ಚಪ್ಪಾಳೆ ತಟ್ಟಿದರು. ಬಾವುಟದ ಹಿಂದೆ ಒಂದು ನರಪಿಳ್ಳೆಯೂ ಇರಲಿಲ್ಲ. ಅರ್ಧ ಗಂಟೆಯ ನಂತರ ವ್ಯಾನಿನಿಂದ ಉಳಿದ ಐವರೊಂದಿಗೆ ಇಸ್ತ್ರಿ ಅಕ್ಕ ಇಳಿದಳು, ಮೂರನೆಯ ಸಲ.

ಅವಮಾನ ಅಲ್ಲಿಗೇ ಮುಗಿದಿದ್ದರೆ ಹೇಗೋ ನುಂಗಿಕೊಳ್ಳುತ್ತಿದ್ದನೇನೋ. ಆದರೆ ಮರುದಿನ ಅವನ ಕಾಲಿಗೆ ಪ್ಲಾಸ್ಟರ್ ಬಿದ್ದ ಸುದ್ದಿ ಗುಂಪಿನವರ ಮೊಬೈಲಿಗೆ ಮುಟ್ಟಿತು, ಮೀಟರಣ್ಣ ವೀರನಾಗಿಬಿಟ್ಟ. ಮೂಳೆ ಮುರಿದರೂ ಬಾವುಟ ಬಿಡಲಿಲ್ಲ ಎಂದು ಒಬ್ಬರು ಬರೆದರು, ಇಂಥವರಿಂದ ಕಲಿಯಬೇಕು ಎಂದು ಇನ್ನೊಬ್ಬರು. ಫೋಟೋ ಸ್ಟುಡಿಯೋದವನು ಅವನು ಗೆರೆ ದಾಟುವ ಚಿತ್ರಕ್ಕೆ ಚೌಕಟ್ಟು ಹಾಕಿಸಿ ಮನೆಗೇ ತಂದುಕೊಟ್ಟ. ಹೊಟ್ಟೆ ಉರಿಸಿಕೊಂಡಿದ್ದು ಇಂಥವನ ಮೇಲೆಯೇ ಎನ್ನಿಸಿ ಮೀಟರಣ್ಣನಿಗೆ ಅವನ ಮುಖ ನೋಡಲಾಗಲಿಲ್ಲ. ಚಿತ್ರವನ್ನು ಮಂಚದ ಕೆಳಗೆ ತಳ್ಳಿದ. ಆ ಆರು ಜನರ ಬಗ್ಗೆ ಯಾರೂ ಒಂದು ಸಾಲು ಬರೆದಿರಲಿಲ್ಲ. ಅಭ್ಯಾಸ ಸಾಲದ್ದಕ್ಕೆ ಸೋತರೆಂದು ಎಲ್ಲರೂ ತಿಳಿದಿದ್ದರು, ಪಾಪ, ಆ ಆರು ಜನರೂ ಹಾಗೇ ತಿಳಿದಿದ್ದರು.

ಕೆಲಸದಲ್ಲಿ ಅವನನ್ನು ಫೋನಿನ ಮುಂದೆ ಕೂರಿಸಿದರು. ಪ್ಲಾಸ್ಟರ್ ಕಾಲಿನವನು ಲಿಫ್ಟಿನ ಗುಂಡಿಗೆ ಇಳಿಯುವಂತಿರಲಿಲ್ಲ. ಲಿಫ್ಟಿನಲ್ಲಿ ಸಿಕ್ಕಿಹಾಕಿಕೊಂಡವರು ಕರೆ ಮಾಡುತ್ತಾರೆ, ಅವರಿಗೆ ಸಮಾಧಾನ ಹೇಳಿ ಹತ್ತಿರದ ಮೆಕ್ಯಾನಿಕ್‌ನನ್ನು ಕಳಿಸಬೇಕು. ಒಂದು ಮಧ್ಯಾಹ್ನ ಆರನೆಯ ಮಹಡಿಯಲ್ಲಿ ಸಿಕ್ಕಿಕೊಂಡ ಹೆಂಗಸೊಬ್ಬಳಿಗೆ "ಗಾಬರಿ ಆಗ್ಬೇಡಿ ಅಮ್ಮ, ಹತ್ತೇ ನಿಮಿಷ," ಎಂದ.

"ನಿಜ ಹೇಳಿ," ಎಂದಳು ಆಕೆ ಅಳುದನಿಯಲ್ಲಿ. "ಸುಮ್ನೆ ಸಮಾಧಾನಕ್ಕೆ ಹೇಳ್ತಿಲ್ಲ ತಾನೆ?"

ಮೆಕ್ಯಾನಿಕ್ ಎಲ್ಲಿದ್ದಾನೆಂದು ಅವನು ವಿಚಾರಿಸಿಯೇ ಇರಲಿಲ್ಲ. ಕೇಳಿ ನೋಡಿದರೆ ಇಪ್ಪತ್ತೈದು ನಿಮಿಷ ಎಂದು ಗೊತ್ತಾಯಿತು. ಅದನ್ನೇ ಹೇಳಿದ. ಆಕೆ ಚೆನ್ನಾಗಿ ಬೈದಳು, ಅವನು ಫೋನಿಡದೆ ಎಲ್ಲವನ್ನೂ ಕೇಳಿಸಿಕೊಂಡ. ಬೈಸಿಕೊಂಡ ಮೇಲೆ ಎಷ್ಟೋ ದಿನದ ನಂತರ ಸ್ವಲ್ಪ ಹಗುರ ಎನ್ನಿಸಿತು, ಅದಕ್ಕೂ ನಾಚಿಕೆಯಾಯಿತು.

ಆ ಶನಿವಾರ ಸಂಜೆ ಇಸ್ತ್ರಿ ಅಕ್ಕ ಮನೆಗೆ ಬಂದಳು. ಕೆಲಸದಿಂದ ನೇರವಾಗಿ ಬಂದಿದ್ದಳು, ತೋಳಿನ ಮೇಲೆ ಹಬೆ ತಾಗಿದ ಕೆಂಪು ಗೆರೆ ಇತ್ತು. ಹೆಂಡತಿ ಚಹಾ ಮಾಡಲು ಒಳಗೆ ಹೋದಳು. ಅಕ್ಕ ಕುರ್ಚಿಯ ತುದಿಯಲ್ಲಿ ಕೂತು ಅವನ ಪ್ಲಾಸ್ಟರನ್ನೇ ನೋಡುತ್ತ, "ಕ್ಷಮೆ ಕೇಳೋಣ ಅಂತ ಬಂದೆ ಅಣ್ಣ," ಎಂದಳು.

"ನೀವಾ? ಯಾಕೆ?"

"ನಾಲ್ಕು ವರ್ಷದಲ್ಲಿ ನಿಮ್ಮ ಬಾವುಟದ ಹಿಂದೆ ಬಂದವರು ಒಬ್ಬರೂ ವ್ಯಾನ್ ಹತ್ತಿರ್ಲಿಲ್ವಂತೆ. ನಾವು ಬಂದು ನಿಮ್ಮ ಹೆಸರು ಕೆಡಿಸಿದ್ವಿ. ಕಾಲು ಮುರ್ಕೊಂಡು ನೀವು ಸರಿಯಾಗಿ ಓಡ್ಸಿದ್ರಿ. ನೆಟ್ಟಗಿದ್ದ ಕಾಲಿಟ್ಕೊಂಡು ನಮಗೆ ಆಗ್ಲಿಲ್ಲ."

ಮೀಟರಣ್ಣನಿಗೆ ನೆಲ ಬಿರಿದು ನುಂಗಿಕೊಂಡರೆ ಸಾಕೆನ್ನಿಸಿತು. ಅಕ್ಕ ಮಾತು ಮುಂದುವರಿಸಿದಳು. "ಇನ್ನು ಸಾಕು ಅಂತ ತೀರ್ಮಾನ ಮಾಡ್ದೆ. ನಾಳೆಯಿಂದ ಗುಂಪಿಗೆ ಬರಲ್ಲ. ಮೂರು ವರ್ಷ ನೋಡಿದ್ದಾಯ್ತು, ಈ ಮೈ ಓಟಕ್ಕೆ ಮಾಡಿದ್ದಲ್ಲ. ಐದನೇ ಕಿಲೋಮೀಟರಿಗೇ ಏದುಸಿರು ಬಿಡೋ ಮೈ ಇಟ್ಕೊಂಡು ಏನು ಮಾಡ್ಲಿ ಹೇಳಿ? ಮಗಳೂ ನಗ್ತಾಳೆ."

ಸುಮ್ಮನಿದ್ದರೆ ಮುಗಿದೇಹೋಗುತ್ತಿತ್ತು. ಚಹಾ ಕುಡಿದು ಅವಳು ಎದ್ದು ಹೋಗುತ್ತಿದ್ದಳು, ಇವನು ಸಾಯುವವರೆಗೂ ಮೀಟರಣ್ಣನಾಗಿಯೇ ಇರುತ್ತಿದ್ದ, ಅವಳು ತನ್ನ ಮೈಯನ್ನು ಬೈದುಕೊಂಡು ಇಸ್ತ್ರಿ ಯಂತ್ರದ ಮುಂದೆ ನಿಂತಿರುತ್ತಿದ್ದಳು. ಅವನ ನಾಲಿಗೆ ತುದಿಗೆ "ಬೇಜಾರು ಮಾಡ್ಕೋಬೇಡಿ ಅಕ್ಕ" ಎಂಬ ಮಾತು ಬಂದೂ ಇತ್ತು. ಅದನ್ನು ನುಂಗಿ, ಮೊಬೈಲ್ ತೆಗೆದು ಅಂದಿನ ಓಟದ ದಾಖಲೆ ತೆರೆದು ಅವಳ ಕೈಗೆ ಕೊಟ್ಟ.

"ಮೊದಲ ಹನ್ನೆರಡು ಕಿಲೋಮೀಟರ್ ನೋಡಿ."

ಅವಳು ಬೆರಳಿಟ್ಟು ಒಂದೊಂದೇ ಸಾಲು ಓದಿದಳು. ಏಳು ಮೂವತ್ತು. ಏಳು ಇಪ್ಪತ್ತೆಂಟು. ಏಳು ಮೂವತ್ತೊಂದು. ಅರ್ಥವಾಗದೆ ತಲೆಯೆತ್ತಿದಳು.

"ಕಾಲು ಮೊದಲೇ ಕೆಟ್ಟಿತ್ತು," ಎಂದ ಮೀಟರಣ್ಣ. ದನಿ ಅವನದೇ ಎನ್ನಿಸುತ್ತಿರಲಿಲ್ಲ. "ಫಿಸಿಯೋ ಬೇಡ ಅಂದಿದ್ದಳು. ಹನ್ನೆರಡಾದ ಮೇಲೆ ಓಡಕ್ಕಾಗಲ್ಲ ಅಂತ ಗೊತ್ತಿತ್ತು, ಅದಕ್ಕೆ ಮೊದಲೇ ಜೋರಾಗಿ ಓಡ್ಸಿಬಿಟ್ಟೆ. ನನ್ನ ಟೈಮ್ ಉಳಿಸ್ಕೊಳ್ಳಕ್ಕೆ. ನಿಮ್ಮ ಮೈಯಲ್ಲಿ ಏನೂ ದೋಷ ಇಲ್ಲಕ್ಕ. ನಾನು ಕೆಡಿಸ್ದೆ."

ಅಡುಗೆಮನೆಯ ಬಾಗಿಲಲ್ಲಿ ಚಹಾ ಹಿಡಿದು ನಿಂತ ಹೆಂಡತಿ ಅಲ್ಲೇ ನಿಂತುಬಿಟ್ಟಳು. ಅಕ್ಕ ಆ ಹನ್ನೆರಡು ಸಾಲುಗಳ ಮೇಲೆ ಮತ್ತೊಮ್ಮೆ ಬೆರಳಾಡಿಸಿದಳು. ಬೈಯುತ್ತಾಳೆಂದು ಅವನು ಕಾದ. ಬೈದರೆ ಒಳ್ಳೆಯದಿತ್ತು.

"ಹಾಗಾದ್ರೆ ನನ್ನ ಮೈ ಸರಿಯಾಗೇ ಹೇಳ್ತಿತ್ತು," ಎಂದಳು ಮೆಲ್ಲಗೆ. "ಜೋರಾಯ್ತು, ಜೋರಾಯ್ತು ಅಂತ. ನಾನೇ ಅದರ ಬಾಯಿ ಮುಚ್ಚಿಸ್ದೆ, ನಿಮ್ಮ ಮಾತು ನಂಬಿ." ಆಮೇಲೆ ಮೊಬೈಲನ್ನು ಅವನ ತೊಡೆಯ ಮೇಲಿಟ್ಟಳು. "ಇದು ನನ್ನೊಬ್ಬಳಿಗೆ ಹೇಳಿದ್ರೆ ಸಾಲ್ದು. ಇನ್ನೂ ಐದು ಜನ ಇದಾರೆ. ಗುಂಪಿಗೆ ಹೇಳಿ. ಈಗಲೇ, ನನ್ನ ಮುಂದೆ."

ಅವನು ಮೊಬೈಲಿನಲ್ಲಿ ಗುಂಪನ್ನು ತೆರೆದು, ದನಿ ಮುದ್ರಿಸುವ ಗುಂಡಿ ಒತ್ತಿ ಬಾಯಿಯ ಹತ್ತಿರ ಹಿಡಿದ. ಕಾಲಿನ ವಿಷಯ ಹೇಳಿದ, ಏಳೂವರೆಯ ವಿಷಯ ಹೇಳಿದ. "ಇಸ್ತ್ರಿ ಅಕ್ಕ ಜೋರಾಯ್ತು ಅಂತ ಒಂದು ಸಲ ಕೇಳಿದ್ರು, ನಾನು ಸುಳ್ಳು ಹೇಳ್ದೆ," ಎಂದೂ ಹೇಳಿದ. ಇಷ್ಟೂ ಬಿಡದೆ ಹೇಳಿದೆನಲ್ಲ ಎಂದು ಅವನಿಗೆ ಒಂದು ಬಗೆಯ ಸಮಾಧಾನವೂ ಆಯಿತು.

"ಒಂದು ಸಲ ಅಲ್ಲ," ಎಂದಳು ಅಕ್ಕ.

ಅವನು ಗುಂಡಿಯಿಂದ ಬೆರಳೆತ್ತದೆ ಅವಳ ಮುಖ ನೋಡಿದ.

"ಐದನೇ ಕಿಲೋಮೀಟರಲ್ಲಿ ಕೇಳ್ದೆ. ಸೇತುವೆ ಹತ್ತುವಾಗ ಕೇಳ್ದೆ, ನೀವು ನಕ್ಕು ಇಲ್ಲ ಅಂದ್ರಿ. ನೀರು ಕೊಡೋ ಮೇಜಿನ ಹತ್ರ ನಿಮ್ಮ ತೋಳು ಹಿಡಿದು ಕೇಳ್ದೆ, ಆಗ್ಲೂ ಇಲ್ಲ ಅಂದ್ರಿ. ಮೂರು ಸಲ."

ಅವಳು ಹೇಳಿದ ಮೇಲೆ ನೆನಪಾಯಿತು. ಸೇತುವೆಯೂ ನೆನಪಾಯಿತು, ತೋಳಿನ ಮೇಲೆ ಬಿದ್ದ ಬೆವರಿನ ಕೈಯೂ. ಇಷ್ಟು ದಿನ ತನ್ನನ್ನು ತಾನೇ ಬೈದುಕೊಳ್ಳುವಾಗಲೂ ಅವನು ಆ ಎರಡು ಸಲವನ್ನು ಕಡಿಮೆ ಮಾಡಿಕೊಂಡೇ ಬೈದುಕೊಂಡಿದ್ದ.

"ಅದನ್ನ ಅಳಿಸಿ ಮತ್ತೆ ಹೇಳಿ," ಎಂದಳು.

ಅಳಿಸಿದ. ಮೊದಲಿನಿಂದ ಶುರುಮಾಡಿದ. ಆ ಮಾತಿಗೆ ಬಂದಾಗ ಅವಳತ್ತ ನೋಡಿದ. ಅವಳು ಅವಸರ ಮಾಡದೆ, ಸಹಾಯವನ್ನೂ ಮಾಡದೆ ಕಾದಳು.

"ಅಕ್ಕ ಮೂರು ಸಲ ಕೇಳಿದ್ರು," ಎಂದ ಅವನು. "ಮೂರು ಸಲವೂ ನಾನು ಸುಳ್ಳು ಹೇಳ್ದೆ."

"ಈಗ ಕಳಿಸಿ," ಎಂದಳು ಅಕ್ಕ. ಕಳಿಸಿದ.