ಅಡುಗೆ ಅಕ್ಕನ ಡಬ್ಬಿ

ನಾನು ಸ್ಟೀಲಿನ ಊಟದ ಡಬ್ಬಿ. ದುಂಡು ಮೈ, ಪಕ್ಕಕ್ಕೆ ಎರಡು ಕೊಂಡಿ, ಮೇಲೆ ಬಿಗಿಯಾದ ಮುಚ್ಚಳ. ಕಾರ್ಖಾನೆಯಲ್ಲಿ ತಗಡಿನ ಹಾಳೆಯಿಂದ ಒತ್ತಿ ತೆಗೆದಾಗ ನನ್ನಂಥವರು ಸಾವಿರ ಮಂದಿ ಸಾಲಾಗಿ ಹೊರಬಿದ್ದೆವು. ಯಾರು ಯಾರೆಂದು ನಮಗೇ ತಿಳಿಯುತ್ತಿರಲಿಲ್ಲ. ನನಗೆ ಗುರುತು ಅಂತ ಬಂದದ್ದು ಗದಗಿನ ಒಂದು ಪಾತ್ರೆ ಅಂಗಡಿಯಲ್ಲಿ. ಅಂಗಡಿಯವನು ಗರಗರ ಸದ್ದು ಮಾಡುವ ಯಂತ್ರ ಹಿಡಿದು ನನ್ನ ಮುಚ್ಚಳದ ಮೇಲೆ ಚುಕ್ಕೆ ಚುಕ್ಕೆಯಾಗಿ ಕೊರೆದ: "ಅಡುಗೆ ಅಕ್ಕನಿಗೆ, ಏಳನೇ ತರಗತಿ ಮಕ್ಕಳಿಂದ, ಪ್ರೀತಿಯ ಕಾಣಿಕೆ." ಆಗ ನೋವಾಯಿತು, ನಿಜ. ಆದರೆ ಆ ಅಕ್ಷರಗಳು ನಿಜವಾಗಿ ನೋಯಿಸತೊಡಗಿದ್ದು ಆಮೇಲೆ.

ಆ ಸೀಮೆಯಲ್ಲಿ ಏಳನೇ ತರಗತಿ ಮುಗಿಸಿ ಹೋಗುವ ಮಕ್ಕಳು ಶಾಲೆಗೆ ಏನಾದರೊಂದು ಕೊಟ್ಟು ಹೋಗುವ ರೂಢಿಯಿದೆ. ಗಡಿಯಾರ, ಕುರ್ಚಿ, ನೀರಿನ ಡ್ರಮ್ಮು, ಹೀಗೆ. ಕಳಸದಕೊಪ್ಪದ ಶಾಲೆಯ ಮಕ್ಕಳು ಆ ವರ್ಷ ಅದೆಲ್ಲ ಬಿಟ್ಟು ಬಿಸಿಯೂಟ ಮಾಡುವ ನೀಲವ್ವನಿಗೆ ನನ್ನನ್ನು ಕೊಟ್ಟರು. ನೀಲವ್ವ ಓದು ಬಾರದವಳು. ಒಬ್ಬ ಹುಡುಗಿಯಿಂದ ಮೂರು ಸಲ ಓದಿಸಿಕೊಂಡು, ಸೆರಗಿನಿಂದ ನನ್ನ ಮುಚ್ಚಳ ಒರೆಸಿ, "ನನ್ನ ಹೆಸರಿಗೆ ಒಂದ್ ಅಕ್ಷರ ಬರೆದದ್ದು ಇದ ಮೊದಲು" ಅಂದಳು. ಅವಳ ಕೈಯಲ್ಲಿ ಅಂದು ನಾನು ಇದ್ದಷ್ಟು ಹೊಳಪಾಗಿ ಮತ್ತೆಂದೂ ಇರಲಿಲ್ಲ.

ಅವಳಿಗಿದ್ದವನು ಒಬ್ಬನೇ ಮಗ, ಮೈಲಾರಿ. ಗಂಡ ತೀರಿಕೊಂಡ ಮೇಲೆ ಅವನನ್ನು ಬೆಳೆಸಿದ್ದು ಶಾಲೆಯ ಒಲೆಯ ಮುಂದಿನ ದುಡಿಮೆ. ಅವನಿಗೆ ಪೊಲೀಸ್ ಆಗಬೇಕೆಂಬ ಹಂಬಲ. ಓಟದಲ್ಲಿ ಪಾಸು, ಜಿಗಿತದಲ್ಲಿ ಪಾಸು, ಟೇಪು ಹಿಡಿದು ಎದೆಯ ಅಳತೆ ನೋಡಿದಾಗ ಮಾತ್ರ ಎರಡು ಬೆರಳು ಕಡಿಮೆ. ಎರಡು ಸಲ ಹಾಗೇ ಆಯಿತು. ವಯಸ್ಸಿನ ಮಿತಿಯ ಪ್ರಕಾರ ಅವನಿಗೆ ಉಳಿದದ್ದು ಇನ್ನೊಂದೇ ಅವಕಾಶ.

ಊರಿನ ಗರಡಿಮನೆಯಲ್ಲಿ ತಾಲೀಮು ಕಲಿಸುವ ಮುದುಕ ದಾವಲಸಾಬ. ಮೈಲಾರಿ ಒಂದು ಸಂಜೆ ಅವನೆದುರು ಅಂಗಿ ಬಿಚ್ಚಿ ನಿಂತ. ಹುರಿಗಡಲೆ, ಅಲ್ಲಿಯವರ ಮಾತಿನಲ್ಲಿ ಪುಠಾಣಿ, ತುಂಬಿಕೊಂಡು ನಾನೂ ಅಲ್ಲೇ ಕಟ್ಟೆಯ ಮೇಲೆ ಕೂತಿದ್ದೆ.

"ಪೇಟ್ಯಾಗ ಸಿಗೋ ಪೌಡರ್ ನಮ್ಮಂಥವ್ರಿಗೆ ಅಲ್ಲಪಾ" ಅಂದ ದಾವಲಸಾಬ. "ಶೇಂಗಾ ತಿನ್ನು, ಪುಠಾಣಿ ತಿನ್ನು, ಮಡಿಕಿಕಾಳು ಮೊಳಕಿ ಬರಿಸಿ ತಿನ್ನು, ಮ್ಯಾಲೆ ಮಜ್ಜಿಗಿ ಕುಡಿ. ಕಸರತ್ತು ತಪ್ಪಿಸಬ್ಯಾಡ. ವರ್ಷ ತುಂಬೂದ್ರಾಗ ಎದಿ ತಾನ ಬರತೈತಿ."

"ವರ್ಷ ಎಲ್ಲೈತ್ರಿ ಚಾಚಾ. ಪೊಲೀಸ್ ಭರ್ತಿ ನಾಕ್ ತಿಂಗಳಿಗೆ ಐತಿ."

"ಹಂಗಾದ್ರ ಕಾಳಿನ ಜೋಡಿ ದಿನಾ ಆರು ತತ್ತಿ ತಿನ್ನು. ನಿಮ್ಮವ್ವಗ ಹೇಳು."

ಆ ಕಡೆ ಮೊಟ್ಟೆಗೆ ತತ್ತಿ ಅನ್ನುತ್ತಾರೆ. ಮಗ ಹೇಳಿದ, ತಾಯಿ ಕೇಳಿದಳು. ದಿನಕ್ಕೆ ಆರು ಅಂದಾಗ ಅವಳ ಮುಖ ಹೇಗಾಯಿತೆಂದು ಅವನು ನೋಡಲಿಲ್ಲ. ಕೆಳಗಿನಿಂದ ನೋಡುವವನಾದ್ದರಿಂದ ನಾನು ನೋಡಿದೆ.

ಶುರುವಾದದ್ದು ಸಣ್ಣದಾಗಿ. ಶಾಲೆಗೆ ಬಾರದ ಮಕ್ಕಳ ಪಾಲಿನ ಮೊಟ್ಟೆ ಒಂದೋ ಎರಡೋ ಉಳಿಯುತ್ತಿತ್ತು. ನೀಲವ್ವ ಅತ್ತಿತ್ತ ನೋಡಿ ಅದನ್ನು ನನ್ನೊಳಗೆ ಇಟ್ಟಳು. ಉಳಿದದ್ದು ತಾನೆ, ನಾಯಿಗೆ ಹಾಕುವ ಬದಲು ಮಗ ತಿಂದರೆ ಏನು ಅಂತ ನಾನೂ ನನಗೇ ಹೇಳಿಕೊಂಡೆ. ಆದರೆ ಎಲ್ಲ ಮಕ್ಕಳೂ ಶಾಲೆಗೆ ಬಂದ ದಿನ ನನ್ನ ಹೊಟ್ಟೆ ಖಾಲಿ. ಆ ದಿನ ಮೈಲಾರಿ ಮುಚ್ಚಳ ತೆಗೆದು ನೋಡಿ, ಏನೂ ಮಾತಾಡದೆ ಮತ್ತೆ ಹಾಕಿಟ್ಟ. ಬೈದಿದ್ದರೆ ನೀಲವ್ವ ತಡೆದುಕೊಳ್ಳುತ್ತಿದ್ದಳೇನೋ. ಆ ಮೌನವೇ ಅವಳನ್ನು ಕೆಡಿಸಿತು.

ಈಗ ದಾರದ ವಿಷಯ ಹೇಳಬೇಕು. ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ. ಒಂದನೇ ತರಗತಿಯ ಕೂಸುಗಳು ಇಡೀ ಮೊಟ್ಟೆ ಬಾಯಿಗಿಟ್ಟು ಗಂಟಲಿಗೆ ಸಿಕ್ಕಿಸಿಕೊಳ್ಳುತ್ತವೆಂದು ಅವರ ಮೊಟ್ಟೆಯನ್ನು ಎರಡು ಹೋಳು ಮಾಡಿ ಕೊಡುವ ಪದ್ಧತಿ ಆ ಶಾಲೆಯಲ್ಲಿತ್ತು. ಚಾಕು ಹಾಕಿದರೆ ಹಳದಿ ಅಂಟಿ ಪುಡಿಯಾಗುತ್ತದೆ. ಅದಕ್ಕೇ ನೀಲವ್ವ ಹೊಲಿಗೆ ದಾರದ ಒಂದು ತುದಿ ಹಲ್ಲಿನಲ್ಲಿ, ಇನ್ನೊಂದು ತುದಿ ಕೈಯಲ್ಲಿ ಹಿಡಿದು ಮೊಟ್ಟೆಯನ್ನು ನೀಟಾಗಿ ಸೀಳುತ್ತಿದ್ದಳು. ಹನ್ನೆರಡು ಮಕ್ಕಳು, ತಲೆಗೆ ಎರಡು ಹೋಳು. ಒಂದು ಸೋಮವಾರ ಅವಳು ಆರು ಮೊಟ್ಟೆ ಮಾತ್ರ ಸೀಳಿದಳು. ತಲೆಗೆ ಒಂದು ಹೋಳು ಬಿತ್ತು. ಉಳಿದ ಆರು, ಬಿಸಿಬಿಸಿಯಾಗಿ, ನನ್ನೊಳಗೆ ಬಂದವು.

ಯಾವ ಕೂಸೂ ಅಳಲಿಲ್ಲ. ತಟ್ಟೆಗೆ ಬಿದ್ದದ್ದನ್ನು ತಿಂದು ಕೈ ತೊಳೆದುಕೊಂಡವು. ಶಾಲೆಗೆ ಹೊಸಬರು, ಎರಡು ಹೋಳು ಬರಬೇಕೆಂದು ಅವಕ್ಕೆ ಗೊತ್ತಿದ್ದರೆ ತಾನೆ ಕೇಳುವುದು.

ಅಂದಿನಿಂದ ನೀಲವ್ವ ನನ್ನನ್ನು ಚೀಲದಲ್ಲಿ ತಲೆಕೆಳಗು ಮಾಡಿ ಇಡತೊಡಗಿದಳು. ಓದು ಬಾರದಿದ್ದರೂ ಮುಚ್ಚಳದ ಮೇಲೆ ಏನಿದೆಯೆಂದು ಅವಳಿಗೆ ಬಾಯಿಪಾಠವಾಗಿತ್ತು. ನಾನು ಮನಸ್ಸು ಮಾಡಿದ್ದರೆ ಕೊಂಡಿ ಸಡಿಲಬಿಟ್ಟು ಶಾಲೆಯ ಅಂಗಳದಲ್ಲೇ ಎಲ್ಲವನ್ನೂ ಚೆಲ್ಲಬಹುದಿತ್ತು. ಚೆಲ್ಲಲಿಲ್ಲ. ಬಿಗಿ ಡಬ್ಬಿ, ಒಂದು ಹನಿ ಸೋರುವುದಿಲ್ಲ ಅಂತ ನನಗೊಂದು ಹೆಸರಿತ್ತು ನೋಡಿ, ಆ ಹೆಸರನ್ನು ಉಳಿಸಿಕೊಂಡೆ.

ಭರ್ತಿಯ ದಿನದ ತನಕ ಹೀಗೇ ನಡೆಯಿತು. ಮೈಲಾರಿ ಗರಡಿಯ ಕಟ್ಟೆಯ ಮೇಲೆ ಕೂತು ಆರೂ ಮೊಟ್ಟೆ ಮುಗಿಸಿ, ಮೇಲೆ ಹಿಡಿ ಶೇಂಗಾ ತಿನ್ನುತ್ತಿದ್ದ. ಎಲ್ಲಿಂದ ಬಂದವೆಂದು ಅವನು ಕೇಳಿದ್ದು ಒಂದೇ ಸಲ. "ಗೈರುಹಾಜರಿ ಹುಡುಗರ್ವು" ಅಂದಳು ತಾಯಿ. ದಿನವೂ ಲೆಕ್ಕ ಹಾಕಿದಂತೆ ಆರೇ ಮಕ್ಕಳು ಹೇಗೆ ತಪ್ಪಿಸಿಕೊಳ್ಳುತ್ತಾರೆಂದು ಅವನು ಮತ್ತೆ ಕೇಳಲಿಲ್ಲ. ಕೇಳಬಾರದ್ದನ್ನು ಕೇಳದಿರುವ ಜಾಣತನ ಅವನಿಗಿತ್ತು. ಎದೆ ಮಾತ್ರ ತುಂಬಿಕೊಳ್ಳುತ್ತ ಬಂತು.

ಭರ್ತಿಯ ದಿನ ಟೇಪು ಹಿಡಿದಾಗ ಬೇಕಾದ್ದಕ್ಕಿಂತ ಒಂದು ಬೆರಳು ಹೆಚ್ಚೇ ಇತ್ತಂತೆ. ಊರಿಗೆ ಊರೇ ಹಿಗ್ಗಿತು. ಶಾಲೆಯ ದೊಡ್ಡ ಬಾಯಾರು, ಅಂದರೆ ಮುಖ್ಯೋಪಾಧ್ಯಾಯಿನಿ, ಹಳೆಯ ವಿದ್ಯಾರ್ಥಿಗೆ ಸನ್ಮಾನ ಇಟ್ಟುಕೊಂಡರು. ಚೆನ್ನಾಗಿ ಉಂಡು ಗಟ್ಟಿಯಾಗುವುದು ಹೇಗೆಂದು ಮಕ್ಕಳಿಗೆ ನಾಲ್ಕು ಮಾತು ಹೇಳು ಅಂದರು. ಮಕ್ಕಳಿಗೆ ಹಂಚಲು ಮೈಲಾರಿ ಪೇಡೆ ತಂದಿದ್ದ. ತುಂಬಿಕೊಂಡು ಬಂದದ್ದು ನನ್ನೊಳಗೇ.

ಬಾಯಾರು ನನ್ನನ್ನು ಮೇಜಿನ ಮೇಲೆ ನೆಟ್ಟಗೆ ಇಟ್ಟರು. ಬಹಳ ದಿನಗಳ ಮೇಲೆ ನನ್ನ ಅಕ್ಷರಕ್ಕೆ ಬೆಳಕು ಬಿತ್ತು. ಅವರು ಅದನ್ನು ಮೈಕಿನಲ್ಲಿ ಓದಿ, "ನೋಡ್ರಿ, ನಮ್ಮ ನೀಲವ್ವನ ಮ್ಯಾಲೆ ಮಕ್ಕಳಿಗೆ ಎಷ್ಟು ಪ್ರೀತಿ" ಅಂದರು. ಮಕ್ಕಳು ಚಪ್ಪಾಳೆ ತಟ್ಟಿದವು. ಅಡುಗೆಮನೆಯ ಬಾಗಿಲಲ್ಲಿ ನೀಲವ್ವ ನಿಂತಿದ್ದಳು. ಅವಳ ಕೊರಳಲ್ಲಿ, ಮರೆತು ಹಾಗೇ ಬಿಟ್ಟುಕೊಂಡಿದ್ದ ದಾರ.

ಮೈಲಾರಿ ಮೈಕು ಹಿಡಿದು ಕೇಳಿದ, "ದಿನಾ ಎಷ್ಟು ತತ್ತಿ ತಿಂತೀರಿ?"

"ಒಂದು" ಅಂತ ದೊಡ್ಡ ಮಕ್ಕಳು ಕೂಗಿದವು. ಮುಂದಿನ ಸಾಲಿನಲ್ಲಿ ಒಂದನೇ ತರಗತಿಯ ರೇಷ್ಮಾ ಎದ್ದು ನಿಂತು, "ಅರ್ಧ" ಅಂದಳು.

ಬಾಯಾರು ನಕ್ಕರು. "ಅರ್ಧ ಅಲ್ಲವಾ, ಎರಡು ಹೋಳು. ಎರಡು ಹೋಳು ಕೂಡಿದ್ರ ಒಂದಾಗತೈತಿ."

"ಇಲ್ರಿ ಬಾಯಾರ, ಒಂದ ಹೋಳು." ಅವಳು ಒಂದು ಬೆರಳು ತೋರಿಸಿದಳು. ಪಕ್ಕದ ಕೂಸೂ ಒಂದು ಬೆರಳೆತ್ತಿತು. ನೋಡನೋಡುತ್ತ ಹನ್ನೆರಡು ಬೆರಳು ಮೇಲೆದ್ದವು.

ಬಾಯಾರ ನಗು ಅಲ್ಲಿಗೆ ನಿಂತಿತು. ಮೈಲಾರಿ ಆ ಬೆರಳುಗಳನ್ನು ನೋಡಿದ, ಆಮೇಲೆ ನನ್ನನ್ನು, ಆಮೇಲೆ ಬಾಗಿಲಲ್ಲಿದ್ದ ತಾಯಿಯನ್ನು. ಹನ್ನೆರಡರ ಅರ್ಧ ಎಷ್ಟೆಂದು ಲೆಕ್ಕ ಹಾಕಲು ಅವನಿಗೆ ಹೊತ್ತು ಬೇಕಾಗಲಿಲ್ಲ. ಹೊಸ ಅಂಗಿ ಅವನ ಎದೆಗೆ ಬಿಗಿಯಾಗಿತ್ತು. ಅವನು ಸನ್ಮಾನಕ್ಕೆ ಹೊದಿಸಿದ್ದ ಶಾಲನ್ನು ಎಳೆದು ಆ ಎದೆಯನ್ನು ಮುಚ್ಚಿಕೊಂಡು, "ಛಲೋ ಓದ್ರಿ" ಅಂದಷ್ಟೇ ಹೇಳಿ ಕೂತ.

ಮನೆಯಲ್ಲಿ ತಾಯಿ ಮಗ ಇಬ್ಬರೂ ಉಣ್ಣಲಿಲ್ಲ. "ನಾ ಹೋಗಿ ಬಾಯಾರಿಗೆ ಹೇಳ್ತೀನಿ" ಅಂದ ಮೈಲಾರಿ.

"ನಿನ್ನ ಹೆಸರು ಬಂದ್ರ ನೌಕರಿ ಹೋಗತೈತಿ. ಕದ್ದಾಕಿ ನಾನು. ನೀ ಸುಮ್ನಿರು."

ಅವನು ಸುಮ್ಮನಾದ. ಇನ್ನೊಂದು ಸಲ ಹೇಳುತ್ತಾನೇನೋ ಅಂತ ನಾನು ಕಾದೆ. ಅವಳೂ ಕಾದಳೆಂದು ನನ್ನ ಅನುಮಾನ. ಅವನು ಹೇಳಲಿಲ್ಲ.

ಮರುದಿನ ನೀಲವ್ವ ಒಬ್ಬಳೇ ಶಾಲೆಗೆ ಹೋಗಿ ನನ್ನನ್ನೂ ದಾರದ ಉಂಡೆಯನ್ನೂ ಬಾಯಾರ ಮೇಜಿನ ಮೇಲಿಟ್ಟು ಎಲ್ಲವನ್ನೂ ಹೇಳಿದಳು. ಮಗನ ಹೆಸರೊಂದನ್ನು ಬಿಟ್ಟಳು. ಬಾಯಾರು "ಒಂದ್ ಮಾತು ನನ್ನ ಕೇಳಬಾರದಿತ್ತೇನ ನೀಲವ್ವಾ" ಅಂದರು. ನಾಳೆಯಿಂದ ಬರುವುದು ಬೇಡವೆಂದು ಅವರು ಹೇಳುವ ಮೊದಲೇ ಅವಳು ಎದ್ದಿದ್ದಳು. "ಡಬ್ಬಿ ತಗೊಂಡು ಹೋಗು" ಅಂದರು ಬಾಯಾರು. "ಅದು ಮಕ್ಕಳದ್ರಿ" ಅಂದಳು, ತಿರುಗಿ ನೋಡಲಿಲ್ಲ.

ಈಗ ಅವಳು ಕೂಲಿಗೆ ಹೋಗುತ್ತಾಳಂತೆ, ಶಾಲೆಯ ಮುಂದಿನ ದಾರಿ ಬಿಟ್ಟು ಸುತ್ತು ಹಾಕಿಕೊಂಡು. ಮೈಲಾರಿ ದೂರದ ಠಾಣೆಯಲ್ಲಿದ್ದಾನೆ. ಮೊಟ್ಟೆ ಮುಟ್ಟುವುದಿಲ್ಲವಂತೆ, ಕಾಳು ಮಾತ್ರ ತಿನ್ನುತ್ತಾನಂತೆ. ಅದರಿಂದ ಆ ಹನ್ನೆರಡು ಮಕ್ಕಳಿಗೆ ಏನು ಬಂತೋ ನನಗೆ ತಿಳಿಯದು.

ನಾನು ಶಾಲೆಯ ಅಡುಗೆಮನೆಯ ಗೂಡಿನಲ್ಲಿದ್ದೇನೆ. ಹೊಸ ಅಡುಗೆಯವಳು ನನ್ನಲ್ಲಿ ಉಪ್ಪು ತುಂಬಿಟ್ಟಿದ್ದಾಳೆ. ಉಪ್ಪು ಒಳಮೈಯನ್ನು ಸ್ವಲ್ಪ ಸ್ವಲ್ಪವಾಗಿ ತಿನ್ನುತ್ತಿದೆ. ಅದು ಮುಚ್ಚಳದ ಮೇಲಿನ ಅಕ್ಷರವನ್ನೂ ತಿನ್ನಲಿ ಅಂತ ಬಯಸುತ್ತೇನೆ, ಆದರೆ ಅಲ್ಲಿಯ ತನಕ ಉಪ್ಪು ಮುಟ್ಟುವುದಿಲ್ಲ.

ಮೊನ್ನೆ ರೇಷ್ಮಾ ತಟ್ಟೆ ಹಿಡಿದು ಬಂದಿದ್ದಳು. ಈಗ ಮೂರನೇ ತರಗತಿ, ಓದು ಬಂದಿದೆ. ಕಂಡದ್ದನ್ನೆಲ್ಲ ಜೋರಾಗಿ ಓದುವ ವಯಸ್ಸು. ನನ್ನ ಮುಚ್ಚಳವನ್ನೂ ಅಕ್ಷರ ಕೂಡಿಸಿ ಓದಿದಳು. "ಅಡುಗೆ ಅಕ್ಕನಿಗೆ" ಅಂತ ಕೇಳಿದ್ದೇ ಹೊಸ ಅಡುಗೆಯವಳು, "ಯಾರವಾ ಈ ಅಕ್ಕ?" ಅಂದಳು.

"ನೀಲವ್ವಕ್ಕ. ಅರ್ಧ ತತ್ತಿ ಕೊಡ್ತಿದ್ಳು. ಸಾರು ಭಾಳ ಛಲೋ ಮಾಡ್ತಿದ್ಳು."

ಅವಳ ದನಿಯಲ್ಲಿ ದೂರಿರಲಿಲ್ಲ. ಇದ್ದಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ.