ಪಟ್ಟಿಯಲ್ಲಿ ಇಲ್ಲದ ಹೆಜ್ಜೆ

ಅಮರಪ್ಪ ಮಾಸ್ತರರು ಜವಾಬ್ದಾರಿ ಬಿಟ್ಟುಕೊಟ್ಟರು ಅಂದರೆ ನಂಬುವುದು ಹೇಗೆ? ಆರು ವರ್ಷ ‘ನೀರಪಾಳಿ’ ಆ್ಯಪಿನ ಒಂದೊಂದು ಹೊಸ ಆವೃತ್ತಿಯನ್ನೂ ಶಹಾಪುರದ ತಮ್ಮ ಪಡಸಾಲೆಯಲ್ಲಿ ಕೂತು ತಾವೇ ಬಿಡುಗಡೆ ಮಾಡಿದವರು ಅವರು. ಕಾಲುವೆ ನೀರು ಯಾವ ಹೊಲಕ್ಕೆ ಯಾವ ಹೊತ್ತಿಗೆ ಎಂದು ರೈತರಿಗೆ ತಿಳಿಸುವ ಆ್ಯಪ್ ಅದು; ಪ್ರತಿ ಸಲ ಗೇಟು ತೆಗೆಯುವ ಮುಂಚೆ ಹೊಸ ಆವೃತ್ತಿ ಬೇಕು. ಏಳು ಜನ ಬಿಡುವಿನಲ್ಲಿ, ಸಂಬಳವಿಲ್ಲದೆ ಕಟ್ಟಿದ್ದು. ಕೋಡನ್ನು ಯಾರು ಬೇಕಾದರೂ ತೆರೆದು ನೋಡಬಹುದು, ತಿದ್ದಬಹುದು. ಬಿಡುಗಡೆ ಮಾತ್ರ ಮಾಸ್ತರರದು. ಹೋದ ವರ್ಷ ಕಿಡ್ನಿ ಕಲ್ಲಿನಿಂದ ಅವರು ಹಾಸಿಗೆ ಹಿಡಿದಾಗ ಆ್ಯಪೂ ಹಾಸಿಗೆ ಹಿಡಿಯಿತು. ರೈತರ ಬೈಗುಳ ಅವರ ಕಿವಿಗೂ ಬಿತ್ತು. ಅದಕ್ಕೇ ಈ ಸಲ ಏಳು ಜನರಲ್ಲಿ ಒಬ್ಬಳಾದ ಸುರಪುರದ ಶಿಕ್ಷಕಿ ಮೋನಮ್ಮನಿಗೆ ಬಿಡುಗಡೆಯ ಹನ್ನೊಂದು ಹೆಜ್ಜೆಗಳ ಪಟ್ಟಿ ಬರೆದುಕೊಟ್ಟರು.

“ಈ ಸಲ ನೀ ಮಾಡು. ಎಡವಟ್ಟಾದ್ರ ಮತ್ತ ನಾನೇ ಮಾಡ್ತೀನಿ.”

ಎರಡನೇ ಮಾತು ಮೋನಮ್ಮನಿಗೆ ಚುಚ್ಚಿತು. ಈಗ ತಪ್ಪಿದರೆ ಈ ಕೆಲಸ ಇನ್ನೆಂದೂ ಅವರ ಕೈ ಬಿಟ್ಟು ಬರುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು.

ಗುರುವಾರ ಬೆಳಿಗ್ಗೆ ಕಾಲುವೆಯ ಗೇಟು ತೆಗೆಯುವುದಿತ್ತು. ಸೋಮವಾರವೇ ಹೊಸ ಆವೃತ್ತಿ ಎಂದು ಮಾಸ್ತರರು ಊರೆಲ್ಲ ಸಾರಿದ್ದರು. ಅಂದು ಮೋನಮ್ಮ ಹನ್ನೊಂದೂ ಹೆಜ್ಜೆ ಮುಗಿಸಿದಳು. ಆದರೂ ಬಿಡುಗಡೆಯ ಗುಂಡಿ ಒತ್ತಲು ಮನಸ್ಸು ಬರಲಿಲ್ಲ. ಕೆಂಭಾವಿ ಕಡೆ ಕಾಲುವೆಯ ಕಟ್ಟಕಡೆಗೆ ಹೊಲವಿರುವ ದ್ಯಾವಪ್ಪನಿಗೆ ಫೋನು ಹಚ್ಚಿದಳು.

“ಕಾಕಾ, ನಿಮ್ಮ ಪಾಳಿ ಗುರುವಾರ ಮಧ್ಯಾಹ್ನ ಅಂತ ತೋರಿಸಾಕತ್ತದ. ಸರಿ ಅದ ಏನ್ರಿ?”

“ಗುರುವಾರ ಗೇಟು ತೆಗದ್ರ ನಮಗ ನೀರು ಮುಟ್ಟೋದು ಶುಕ್ರವಾರ ಸಂಜಿಗವ್ವಾ. ಒಣ ಕಾಲಿವ್ಯಾಗ ನಿಂತು ಏನ್ ಮಾಡ್ಲಿ?”

ಮೋನಮ್ಮ ಫೋನಿಟ್ಟಳು. ಬಿಡುಗಡೆ ನಿಲ್ಲಿಸಿದೆನೆಂದು ಏಳೂ ಜನರ ಗುಂಪಿನಲ್ಲಿ ಬರೆದಳು. ಮರುಕ್ಷಣ ಮಾಸ್ತರರ ಫೋನು.

“ಅಯ್ಯ, ಗೇಟಿಂದ ಒಂದೊಂದು ಊರಿಗೆ ನೀರು ಮುಟ್ಟಾಕ ಹಿಡಿಯೋ ತಾಸು ಪ್ರತಿ ಸಲ ನಾನೇ ಹಾಕ್ತಿದ್ನಲ್ಲ! ಪಟ್ಟ್ಯಾಗ ಬರಿಯೋದು ಮರ್ತೆ. ಕೊಡು ಇಲ್ಲಿ, ಐದು ನಿಮಿಷದ ಕೆಲಸ.”

ಆರು ವರ್ಷ ಆ ಲೆಕ್ಕವೆಲ್ಲ ಅವರ ತಲೆಯಲ್ಲಷ್ಟೇ ಇತ್ತು! ಮೋನಮ್ಮನಿಗೆ ಸಿಟ್ಟೂ ಬಂತು, ನಗುವೂ ಬಂತು.

“ಕೊಡಂಗಿಲ್ರಿ ಸರ. ಕೊಟ್ರ ಮುಂದಿನ ಸಲನೂ ನಿಮ್ಮ ತಲ್ಯಾಗೇ ಉಳಿತದ. ನೀವು ಹೇಳ್ರಿ, ನಾ ಬರಕೋತೀನಿ.”

ಮಾಸ್ತರರು ಗೊಣಗುತ್ತಲೇ ಹೇಳಿದರು. ಅವಳು ಇಪ್ಪತ್ತಮೂರು ಊರಿನ ಲೆಕ್ಕ ಬರೆದುಕೊಂಡಳು. ಸುಮ್ಮನೆ ನಂಬಲೂ ಇಲ್ಲ, ಮಂಗಳವಾರ ಶಾಲೆ ಬಿಟ್ಟ ಮೇಲೆ ಊರೂರಿಗೆ ಫೋನು ಮಾಡಿದಳು. ಎರಡು ಊರಿನ ಲೆಕ್ಕ ಹಳೆಯದಾಗಿತ್ತು. ಕಾಲುವೆಗೆ ಸಿಮೆಂಟು ಹಾಕಿದ ಮೇಲೆ ಅಲ್ಲಿಗೆ ನೀರು ನಾಲ್ಕು ತಾಸು ಮೊದಲೇ ಮುಟ್ಟುತ್ತಿತ್ತು.

“ಹೌದೇನು?” ಎಂದ ಮಾಸ್ತರರು ಆ ಎರಡೂ ಊರಿನ ಹೊಸ ತಾಸು ಕೇಳಿ ಬರೆದುಕೊಂಡರು.

ಬುಧವಾರ ಮಧ್ಯಾಹ್ನದ ಬಿಡುವಿನಲ್ಲಿ ಮೋನಮ್ಮ ಗುಂಡಿ ಒತ್ತಿದಳು. ಶುಕ್ರವಾರ ಸಂಜೆ ಶಾಲೆಯಿಂದ ಬಂದವಳು ಫೋನು ಹಿಡಿದು ಅಂಗಳದಲ್ಲೇ ಕೂತಳು. ಆರಕ್ಕೆ ದ್ಯಾವಪ್ಪನ ಫೋನು ಬಂತು.

“ನೀರು ಬಂತವ್ವಾ! ಹೇಳಿದ ಹೊತ್ತಿಗೇ ಬಂತು!” ಎಂದು ಕೂಗುತ್ತಿದ್ದ. ಹಿಂದೆ ನೀರಿನ ಸದ್ದೂ ಕೇಳುತ್ತಿತ್ತು. ಮೋನಮ್ಮ ಅಂಗಳದಲ್ಲೇ ಕುಣಿದುಬಿಟ್ಟಳು. ಕುಣಿಯದೆ ಮತ್ತೇನು ಮಾಡಬೇಕು? ಕಟ್ಟಕಡೆಯ ಹೊಲದವನೂ ತನ್ನ ಪಾಳಿ ತಪ್ಪಿಸಿಕೊಂಡಿರಲಿಲ್ಲ.

ಮರುದಿನ ಮಾಸ್ತರರ ಫೋನು ಬಂತು. ಆರು ವರ್ಷ ಎಲ್ಲರಿಗೂ ತಾರೀಖು ಹೇಳಿದ ಮನುಷ್ಯ ಈಗ ತಾವೇ ಕೇಳಿದರು:

“ಮುಂದಿನ ಬಿಡುಗಡಿ ಯಾವಾಗರಿ, ಮೋನಮ್ಮಾರ?”

“ತಯಾರಾದ ಮ್ಯಾಲ ಹೇಳ್ತೀನ್ರಿ ಸರ.”